ಏಳು ಹರಳಿನ ಉಂಗುರ, ಮೂರು ಪಾಲು

ಅಜ್ಜಿಯ ತಿಥಿ ಮುಗಿದ ಮಾರನೇ ದಿನ ಅತ್ತೆ ದೇವರ ಕೋಣೆಯಿಂದ ಕುಂಕುಮದ ಭರಣಿ ತಂದು ಎಲ್ಲರ ಮುಂದೆ ಇಟ್ಟರು. ಒಳಗೆ ಕುಂಕುಮ ಇರಲಿಲ್ಲ. ಹಳೇ ರೇಷ್ಮೆ ಸೀರೆಯ ಒಂದು ಚೂರು, ಅದರೊಳಗೆ ಉಂಗುರ. ನಡುವೆ ಒಂದು, ಸುತ್ತ ಆರು, ಒಟ್ಟು ಏಳು ವಜ್ರದ ಹರಳು. ಕೊನೆಗಾಲಕ್ಕೆ ಅಜ್ಜಿಯ ಬೆರಳು ಸಣಕಲಾಗಿ ಉಂಗುರ ಜಾರುತ್ತಿತ್ತು. ಅದಕ್ಕೆ ಒಳಬದಿಗೆ ಬಿಳಿ ದಾರ ಸುತ್ತಿಕೊಂಡಿದ್ದರು. ಆ ದಾರ ಅರಿಶಿನ ಹಿಡಿದು ಹಳದಿಯಾಗಿತ್ತು.

ಸಕಲೇಶಪುರದ ಹತ್ತಿರದ ಆ ಮನೆಯಲ್ಲಿ ಕಾಫಿ ತೋಟದ ಪಾಲು ಅದಾಗಲೇ ಆಗಿತ್ತು. ಸರ್ವೆಯವರು ಬಂದರು, ಅಳೆದರು, ಕಲ್ಲು ನೆಟ್ಟರು. ಪಾಲುಪಾರಿಕತ್ತು ನೋಂದಣಿಯಾಯಿತು. ಎಕರೆ, ಗುಂಟೆ ಲೆಕ್ಕದಲ್ಲಿ ಯಾರಿಗೂ ಬೇಸರ ಇರಲಿಲ್ಲ. ಆದರೆ ಈ ಒಂದು ಉಂಗುರ ಯಾರಿಗೆ ಅಂತ ತೀರ್ಮಾನ ಆಗುವುದಕ್ಕೆ ಮೂರು ವರ್ಷ ಹಿಡಿಯಿತು.

"ಇದು ನನಗೆ ಅಂತ ಅಮ್ಮ ಹೇಳಿದ್ದಳು" ಎಂದರು ಚಿಕ್ಕಮ್ಮ. ಅವರ ಮದುವೆಯ ಹಿಂದಿನ ರಾತ್ರಿ ಹೇಳಿದ್ದಂತೆ. ಅತ್ತೆ, ಅಂದರೆ ನಮ್ಮ ಮಾವನ ಹೆಂಡತಿ, ತಲೆ ತಗ್ಗಿಸಿ ಕೂತಿದ್ದರು. ಅಜ್ಜಿ ಹಾಸಿಗೆ ಹಿಡಿದ ಆರು ವರ್ಷ ಅವರನ್ನು ನೋಡಿಕೊಂಡಿದ್ದು ಅತ್ತೆಯೇ. ಅವರಿಗೂ ಅಜ್ಜಿ "ಇದು ನಿನಗೇ ಕಣೇ" ಎಂದಿದ್ದರು. ಮಾವನ ಮಗಳಿಗೆ ಚಿಕ್ಕವಳಿದ್ದಾಗ ಬೆರಳಿಗೆ ಹಾಕಿ "ನಿನ್ನ ಮದುವೆಗೆ" ಎಂದಿದ್ದರು. ಮೂವರೂ ಸುಳ್ಳು ಹೇಳುತ್ತಿರಲಿಲ್ಲ. ಅಜ್ಜಿಯೂ ಸುಳ್ಳು ಹೇಳಿರಲಿಲ್ಲ. ಆಯಾ ಹೊತ್ತಿಗೆ ಅವರ ಮನಸ್ಸಿಗೆ ಬಂದದ್ದನ್ನು ಹೇಳಿದ್ದರು, ಅಷ್ಟೆ.

ಆ ಮೂರು ವರ್ಷದಲ್ಲಿ ಉಂಗುರ ಹಿಡಿದುಕೊಂಡು ಅಕ್ಕಸಾಲಿಗರ ಹತ್ತಿರ, ಅಂಗಡಿಗಳಿಗೆ, ಹಾಸನದಲ್ಲಿ ವಕೀಲರ ಹತ್ತಿರ ಓಡಾಡಿದ್ದು ನಾನು. ಆಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹಾಸನ, ಚಿಕ್ಕಮಗಳೂರು ಕಡೆ ಎಷ್ಟೋ ಮನೆಗಳ ಭರಣಿಯಲ್ಲಿ, ಬೀರುವಿನಲ್ಲಿ ಇಂಥದೊಂದು ಉಂಗುರವೋ ಓಲೆಯೋ ಮೂಗುಬೊಟ್ಟೋ ಇದ್ದೇ ಇರುತ್ತದೆ. ನಿಮ್ಮ ಮನೆಯಲ್ಲಿ ಅದನ್ನು ಹಾಕಿಕೊಳ್ಳುವವರು ಇನ್ನೂ ಕಣ್ಣ ಮುಂದೆ ಇದ್ದರೆ, ಇದನ್ನು ಅವರ ಪಕ್ಕ ಕೂತು ಓದಿ.

ಪಾಲು ಮಾಡೋಕೆ ಬರದ ಒಡವೆ

ಚಿನ್ನದ ಸರ ಆದರೆ ತೂಕ ಹಾಕಿ ಮೂರು ಭಾಗ ಮಾಡಬಹುದು. ಕಾಸಿನ ಸರ ಆದರೆ ಕಾಸು ಎಣಿಸಿ ಹಂಚಬಹುದು. ಕರಗಿಸಿದರೂ ಚಿನ್ನ ಚಿನ್ನವೇ. ದಿನದ ರೇಟ್ ಪೇಪರಿನಲ್ಲೇ ಬರುತ್ತದೆ. ವಜ್ರಕ್ಕೆ ಅಂಥ ಒಂದೇ ರೇಟ್ ಇಲ್ಲ. ಒಂದೊಂದು ಹರಳಿಗೂ ಅದರದೇ ಬೆಲೆ. ತೂಕ, ಬಣ್ಣ, ಒಳಗಿನ ಶುದ್ಧಿ, ಕಟಿಂಗ್ ಈ ನಾಲ್ಕನ್ನೂ ನೋಡಿ ಬೆಲೆ ಕಟ್ಟುತ್ತಾರೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ವಜ್ರದ ಬೆಲೆ ತೂಕದ ಜೊತೆ ಸಮನಾಗಿ ಏರುವುದಿಲ್ಲ. ಒಂದು ಕ್ಯಾರೆಟ್‌ನ ಒಂಟಿ ಹರಳಿಗೆ, ಅದೇ ಗುಣದ ಅರ್ಧ ಕ್ಯಾರೆಟ್‌ನ ಎರಡು ಹರಳಿಗಿಂತ ಜಾಸ್ತಿ ಬೆಲೆ. ದೊಡ್ಡ ಹರಳು ಸಿಗುವುದು ಅಪರೂಪ, ಅದಕ್ಕೆ. ಹಾಗಾಗಿ "ಅಕ್ಕನ ಉಂಗುರದಲ್ಲಿ ಒಂದೇ ಕಲ್ಲು, ನಿನ್ನದರಲ್ಲಿ ಏಳು ಕಲ್ಲು, ನಿನಗೇ ಲಾಭ" ಅನ್ನುವ ಲೆಕ್ಕ ಬಹಳ ಸಲ ತಲೆಕೆಳಗು.

ಕೊಳ್ಳುವಾಗಿನ ಬೆಲೆ, ಮಾರುವಾಗಿನ ಬೆಲೆ ಬೇರೆ ಬೇರೆ ಅನ್ನುವುದೂ ಇದೆ. ನಾನು ಹೋದ ಮೊದಲ ಅಂಗಡಿಯಲ್ಲಿ ಉಂಗುರವನ್ನು ತಕ್ಕಡಿಗೆ ಹಾಕಿ, ಕಲ್ಲಿನ ತೂಕ ಕಳೆದು, ಚಿನ್ನಕ್ಕಷ್ಟೇ ಬೆಲೆ ಹೇಳಿದರು. ವಜ್ರಕ್ಕೆ ಏನು ಕೊಡುತ್ತೀರಿ ಎಂದರೆ, "ಹಳೇ ಕಟಿಂಗ್, ಬಿಲ್ ಇಲ್ಲ, ನಮಗೆ ಬೇಡ, ಬೇಕಾದರೆ ಕಿತ್ತು ಕೊಡ್ತೀವಿ" ಎಂದರು. ಅಜ್ಜಿ ಅಷ್ಟು ವರ್ಷ ಹಾಕಿಕೊಂಡ ಉಂಗುರಕ್ಕೆ ಆ ಮಾತು ಕೇಳಿ ನನಗೆ ಸಂಕಟ ಆಯಿತು. ಆಮೇಲೆ ತಿಳಿಯಿತು, ಅದು ಉಂಗುರದ ಯೋಗ್ಯತೆಯ ಮಾತಲ್ಲ. ಆ ಅಂಗಡಿಯ ವ್ಯಾಪಾರದ ಮಾತು ಅಷ್ಟೆ.

ಮೊದಲು ಅದು ಏನು ಅಂತ ತಿಳಿದುಕೊಳ್ಳಿ

ಕ್ಯಾರೆಟ್ ಅನ್ನುವ ಒಂದೇ ಪದಕ್ಕೆ ಎರಡು ಅರ್ಥ. ಚಿನ್ನದಲ್ಲಿ ಕ್ಯಾರೆಟ್ ಅಂದರೆ ಶುದ್ಧತೆ. 24 ಅಂದರೆ ಪೂರ್ತಿ ಚಿನ್ನ, 22 ಅಂದರೆ ಸಾವಿರಕ್ಕೆ 916 ಪಾಲು, 18 ಅಂದರೆ 750 ಪಾಲು. ವಜ್ರದಲ್ಲಿ ಕ್ಯಾರೆಟ್ ಅಂದರೆ ತೂಕ. ಒಂದು ಕ್ಯಾರೆಟ್ ಅಂದರೆ 200 ಮಿಲಿಗ್ರಾಂ. ಅದರ ನೂರನೇ ಒಂದು ಪಾಲಿಗೆ ಸೆಂಟ್ ಅನ್ನುತ್ತಾರೆ. ಮಂಗಳೂರು ಕಡೆಯವರು ಸೆಂಟ್ ಅಂದ ತಕ್ಷಣ ಜಮೀನು ನೆನೆಯುತ್ತಾರೆ, ಇದು ಅದಲ್ಲ. ಹಿಂದೆ ನಮ್ಮ ಅಕ್ಕಸಾಲಿಗರು ಗುಲಗಂಜಿಯಿಂದ ಚಿನ್ನ ತೂಗುತ್ತಿದ್ದರಲ್ವಾ, ಹಾಗೆಯೇ ಮೆಡಿಟರೇನಿಯನ್ ಕಡೆ ಕ್ಯಾರಬ್ ಅನ್ನುವ ಮರದ ಬೀಜ ಇಟ್ಟು ತೂಗುತ್ತಿದ್ದರು. ಕ್ಯಾರೆಟ್ ಅನ್ನುವ ಹೆಸರು ಬಂದಿದ್ದು ಆ ಬೀಜದಿಂದ.

ನಮ್ಮ ಉಂಗುರದ ಲೆಕ್ಕ ಹೇಳುತ್ತೇನೆ. ಒಂದೊಂದು ಹರಳೂ ಸುಮಾರು ಮೂರು ಮಿಲಿಮೀಟರ್ ಅಗಲ. ಆ ಅಳತೆಯ ದುಂಡು ವಜ್ರ ಹೆಚ್ಚುಕಡಿಮೆ 10 ಸೆಂಟ್ ತೂಗುತ್ತದೆ. ಏಳಕ್ಕೆ 70 ಸೆಂಟ್. ಗ್ರಾಂ ಲೆಕ್ಕದಲ್ಲಿ ಬರೀ 0.14. ಮನೆಯಲ್ಲಿ ಎಲ್ಲರೂ "ಅಜ್ಜಿಯ ಉಂಗುರದಲ್ಲಿ ಮೂರು ಕ್ಯಾರೆಟ್ ವಜ್ರ" ಅನ್ನುತ್ತಿದ್ದರು. ಮೂರು ಮಿಲಿಮೀಟರ್ ಅನ್ನುವುದು ಬಾಯಿಂದ ಬಾಯಿಗೆ ಹೋಗುತ್ತಾ ಮೂರು ಕ್ಯಾರೆಟ್ ಆಗಿತ್ತೋ ಏನೋ. ಜಗಳಕ್ಕೆ ಕೂರುವ ಮೊದಲೇ ಈ ಲೆಕ್ಕ ಗೊತ್ತಿದ್ದಿದ್ದರೆ ದನಿ ಅರ್ಧ ಇಳಿಯುತ್ತಿತ್ತು.

ಅದು ವಜ್ರ ಹೌದೋ ಅಲ್ಲವೋ ಅನ್ನುವುದನ್ನೂ ನೋಡಿಸಬೇಕು. ನಮ್ಮ ಕಡೆ ಬಿಳಿ ಕಲ್ಲಿನ ಒಡವೆಗೂ ವಜ್ರದ ಒಡವೆ ಅನ್ನುವ ಮನೆಗಳುಂಟು. ಅಮೆರಿಕನ್ ಡೈಮಂಡ್ ಅನ್ನುವುದು ವಜ್ರವೇ ಅಲ್ಲ. ಅದು ಕ್ಯೂಬಿಕ್ ಜಿರ್ಕೋನಿಯಾ, 1976ರ ಹೊತ್ತಿಗೆ ಮಾರುಕಟ್ಟೆಗೆ ಬಂತು. ಅದೇ ಗಾತ್ರದ ವಜ್ರಕ್ಕಿಂತ ಒಂದೂವರೆ ಪಟ್ಟಿಗೂ ಜಾಸ್ತಿ ತೂಕ. ಅಂಗಡಿಗಳಲ್ಲಿ ಪೆನ್ನಿನಂಥ ಒಂದು ಟೆಸ್ಟರ್ ಇರುತ್ತದೆ. ಅದರ ಮೊನೆಯನ್ನು ಹರಳಿಗೆ ಮುಟ್ಟಿಸಿದರೆ ಕೀ ಎನ್ನುತ್ತದೆ. ವಜ್ರ ಶಾಖವನ್ನು ತಾಮ್ರಕ್ಕಿಂತ ಎಷ್ಟೋ ಪಟ್ಟು ಬೇಗ ಹೀರಿ ಹರಿಸುತ್ತದೆ, ಆ ಗುಣವನ್ನೇ ಅದು ಅಳೆಯುವುದು. ಬಾಯಿಂದ ಹಾ ಎಂದು ಆವಿ ಬಿಟ್ಟರೆ ವಜ್ರದ ಮೇಲಿನ ಮಂಜು ಥಟ್ಟನೆ ಹೋಗುವುದಕ್ಕೂ ಅದೇ ಕಾರಣ. ಆದರೆ ಮಾಯಿಸನೈಟ್ ಅನ್ನುವ ಕಲ್ಲು ಈ ಟೆಸ್ಟರನ್ನೂ ಏಮಾರಿಸುತ್ತದೆ. ಅದನ್ನು ಪತ್ತೆ ಮಾಡಲು ವಿದ್ಯುತ್ ಹರಿವನ್ನು ನೋಡುವ ಬೇರೆ ಟೆಸ್ಟರ್ ಬೇಕು. ಆ ಕಲ್ಲು ಒಡವೆಗಳಲ್ಲಿ ಬಂದಿದ್ದೇ 1990ರ ದಶಕದ ಕೊನೆಗೆ. ಅದಕ್ಕಿಂತ ಹಿಂದಿನ, ಯಾರೂ ಬಿಚ್ಚಿ ಕಟ್ಟದ ಉಂಗುರಕ್ಕೆ ಆ ಭಯ ಇಲ್ಲ.

ಹಳೇ ಹರಳನ್ನು ಗುರುತಿಸುವ ಒಂದು ಗುಟ್ಟನ್ನು ನಮ್ಮ ಅಕ್ಕಸಾಲಿಗರು ಹೇಳಿಕೊಟ್ಟರು. ಹತ್ತು ಪಟ್ಟು ದೊಡ್ಡದಾಗಿ ಕಾಣುವ ಲೂಪ್ ಅನ್ನು ನನ್ನ ಕಣ್ಣಿಗೆ ಕೊಟ್ಟು, "ನಡುವೆ ನೋಡಿ" ಎಂದರು. ಪ್ರತಿ ಹರಳಿನ ನಟ್ಟನಡುವೆ ಸಣ್ಣದೊಂದು ತೂತು ಇದ್ದ ಹಾಗಿತ್ತು. ನನಗೆ ಎದೆ ಧಸಕ್ಕೆಂದಿತು. ಅದು ತೂತಲ್ಲ. ಹಳೇ ಕಾಲದಲ್ಲಿ ಹರಳಿನ ಬುಡವನ್ನು ಚೂಪು ಮಾಡದೆ ಸ್ವಲ್ಪ ಚಪ್ಪಟೆಯಾಗಿ ಬಿಡುತ್ತಿದ್ದರು. ಮೇಲಿಂದ ನೋಡಿದಾಗ ಆ ಚಪ್ಪಟೆ ಜಾಗ ತೂತಿನ ಹಾಗೆ ಕಾಣುತ್ತದೆ. ಆ ಹರಳುಗಳ ಪಟ್ಟೆಗಳು, ಅಂದರೆ ಸಾಣೆ ಹಿಡಿದ ಮುಖಗಳು, ದೊಡ್ಡವು. ಅಂಗಡಿಯ ಬಿಳಿ ಬೆಳಕಿನಲ್ಲಿ ಸಪ್ಪೆಯಾಗಿ ಕಾಣುವ ಅವು, ದೀಪದ ಹಳದಿ ಬೆಳಕಿನಲ್ಲಿ ಬಣ್ಣಬಣ್ಣವಾಗಿ ಮಿನುಗುತ್ತವೆ. ಕರೆಂಟು ಬರುವ ಮುಂಚಿನ ಮನೆಗಳಿಗೆ ಹೊಂದಿಕೊಂಡ ಕಟಿಂಗ್ ಅದು. ಈಗಿನ ದುಂಡು ಕಟಿಂಗ್‌ಗೆ ಲೆಕ್ಕ ಹಾಕಿ ಅಳತೆ ಕೊಟ್ಟಿದ್ದು ಮಾರ್ಸೆಲ್ ಟೊಲ್ಕೋವ್‌ಸ್ಕಿ, 1919ರಲ್ಲಿ.

ಬ್ಲೂ ಜಾಗರ್ ಅನ್ನುವ ಮಾತನ್ನು ಹಳೇ ವ್ಯಾಪಾರಿಗಳ ಬಾಯಲ್ಲಿ ಕೇಳಿರಬಹುದು. ದಕ್ಷಿಣ ಆಫ್ರಿಕಾದ ಜಾಗರ್ಸ್‌ಫಾಂಟೈನ್ ಗಣಿಯ ಹೆಸರು ಅದು. ಆ ಗಣಿ 1971ರಲ್ಲಿ ಮುಚ್ಚಿತು. ಅಲ್ಲಿಯ ಹರಳಿಗೆ ನೀಲಿ ಛಾಯೆ, ಅದು ಮೇಲು ಅಂತ ನಮ್ಮ ದಕ್ಷಿಣದವರಿಗೆ ನಂಬಿಕೆ. ಈಗ ನೀಲಿ ಛಾಯೆಯ ಯಾವ ಹರಳಿಗೂ ಆ ಹೆಸರು ಹೇಳುತ್ತಾರೆ. ಕಳ್ಳನೋಟು ನೋಡುವ ನೇರಳೆ ದೀಪದ ಕೆಳಗೆ ಹಿಡಿದರೆ ಕೆಲವು ಹರಳು ನೀಲಿಯಾಗಿ ಬೆಳಗುತ್ತವೆ. ವಜ್ರಗಳಲ್ಲಿ ನೂರಕ್ಕೆ 25ರಿಂದ 35ರಷ್ಟು ಹೀಗೆ ಬೆಳಗುತ್ತವೆ. ಬೆಳಗದಿದ್ದರೆ ವಜ್ರ ಅಲ್ಲ ಅಂತ ಅರ್ಥ ಅಲ್ಲ. ನಮ್ಮ ಏಳರಲ್ಲಿ ಎರಡು ಬೆಳಗಿದವು. ಆ ಎರಡು ನಕ್ಷತ್ರವನ್ನು ತೋರಿಸೋಣ ಅಂತ ಅಮ್ಮನನ್ನು ಕತ್ತಲೆ ಕೋಣೆಗೆ ಕರೆದೆ. ಅಮ್ಮ ಸುಮ್ನೆ ನೋಡುತ್ತಾ ನಿಂತರು. ಅರವತ್ತು ವರ್ಷ ನೋಡಿದ ಉಂಗುರದಲ್ಲಿ ಅವರು ನೋಡದಿದ್ದ ಒಂದು ವಿಷಯ ಅದು.

ಪರೀಕ್ಷೆ ಪತ್ರ ಬೇಕು ಅನ್ನಿಸಿದರೆ ಒಂದು ಮಾತು. ವಜ್ರ ಪರೀಕ್ಷಿಸುವ ಜಿಐಎ ಸಂಸ್ಥೆ ದರ್ಜೆ ಕೊಡುವುದು ಬಿಡಿ ಹರಳಿಗೆ. ಅಂದರೆ ಉಂಗುರದಿಂದ ಹರಳು ಬಿಚ್ಚಬೇಕು. ಐಜಿಐನಂಥ ಲ್ಯಾಬ್‌ಗಳು ಕಟ್ಟಿದ ಒಡವೆಯನ್ನು ಹಾಗೆಯೇ ನೋಡಿ ವರದಿ ಕೊಡುತ್ತವೆ. ಹಂಚಿಕೆಯ ಲೆಕ್ಕಕ್ಕೆ ಎರಡನೆಯದೇ ಸಾಕು. ಮೂರು ಮಿಲಿಮೀಟರ್ ಹರಳಿಗಾಗಿ ಹಳೇ ಕಟ್ಟು ಬಿಚ್ಚಿಸುವುದು ಬೇಡ.

ಚಿನ್ನದ ಕಡೆ ಬಂದರೆ, ಅಜ್ಜಿ ಕಾಲದ ಒಡವೆಯಲ್ಲಿ ಹಾಲ್‌ಮಾರ್ಕ್ ಇರುವುದಿಲ್ಲ. ನಮ್ಮ ದೇಶದಲ್ಲಿ ಅದು ಹಂತ ಹಂತವಾಗಿ ಕಡ್ಡಾಯ ಆಗಿದ್ದು 2021ರ ಜೂನ್‌ನಿಂದ. ಒಂದೊಂದು ಒಡವೆಗೂ ಬೇರೆಯಾದ ಆರು ಅಕ್ಷರ-ಅಂಕಿಯ ಗುರುತು, ಅಂದರೆ ಎಚ್‌ಯುಐಡಿ ಇಲ್ಲದೆ ಅಂಗಡಿಯವರು ಮಾರಬಾರದು ಅನ್ನುವುದು 2023ರ ಏಪ್ರಿಲ್‌ನಿಂದ. ಈ ನಿಯಮ ಮಾರುವ ಅಂಗಡಿಗೆ. ನಿಮ್ಮ ಮನೆಯ ಹಳೇ ಒಡವೆ ಇಟ್ಟುಕೊಳ್ಳುವುದಕ್ಕೆ, ಕೊಡುವುದಕ್ಕೆ ಏನೂ ತೊಂದರೆ ಇಲ್ಲ. ಕೆಡಿಎಂ ಅಂತ ಇದ್ದರೆ ಅದನ್ನು ಶುದ್ಧತೆಯ ಮುದ್ರೆ ಅಂದುಕೊಳ್ಳಬೇಡಿ. ಅದು ಕ್ಯಾಡ್ಮಿಯಂ ಬೆಸುಗೆಯ ಗುರುತು.

ಉಂಗುರ ಯಾರದು?

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಜಗಳ ಹುಟ್ಟುವುದೆಲ್ಲ ಇಲ್ಲೇ.

ಹೆಂಗಸಿಗೆ ಮದುವೆಯ ಮುಂಚೆಯೋ, ಮದುವೆಯಲ್ಲೋ, ಆಮೇಲೋ, ತವರಿನವರೋ ಗಂಡನ ಮನೆಯವರೋ ಕೊಟ್ಟ ಒಡವೆ ಅವಳ ಸ್ತ್ರೀಧನ. ಅದು ಅವಳೊಬ್ಬಳದೇ. ಗಂಡನಿಗೂ ಅದರಲ್ಲಿ ಪಾಲಿಲ್ಲ. ಸುಪ್ರೀಂ ಕೋರ್ಟ್ 1985ರ ಪ್ರತಿಭಾ ರಾಣಿ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿತು. ಗಂಡನೋ ಅತ್ತೆಯೋ ಒಡವೆಯನ್ನು ಬೀರುವಿನಲ್ಲಿ ಇಟ್ಟುಕೊಂಡಿದ್ದರೆ ಅವರು ಕಾವಲುಗಾರರು ಮಾತ್ರ, ಒಡೆಯರಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ 14ನೇ ಸೆಕ್ಷನ್ ಕೂಡ ಹೆಂಗಸಿನ ಸ್ವತ್ತಿಗೆ ಅವಳೇ ಪೂರ್ತಿ ಒಡತಿ ಅನ್ನುತ್ತದೆ. ಹಾಗಾಗಿ ಅಜ್ಜಿ ಬದುಕಿರುವವರೆಗೆ ಉಂಗುರ ಯಾರಿಗೆ ಕೊಡಬೇಕು ಅನ್ನುವುದು ಅಜ್ಜಿಯ ಇಷ್ಟ. "ಇದು ಮನೆತನದ ಒಡವೆ, ಹಿರೀಮಗನಿಗೇ ಸೇರಬೇಕು" ಅನ್ನುವ ಕಾನೂನು ಎಲ್ಲೂ ಇಲ್ಲ. ಅದು ರೂಢಿಯ ಮಾತು.

ಅಜ್ಜಿ ಏನೂ ಬರೆದಿಡದೆ ಹೋದರೆ? ಅದೇ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಮೊದಲ ಹಕ್ಕು ಗಂಡ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ, ಎಲ್ಲರಿಗೂ ಸಮಪಾಲು. ಮಗನೋ ಮಗಳೋ ಮೊದಲೇ ತೀರಿಕೊಂಡಿದ್ದರೆ ಆ ಪಾಲು ಅವರ ಮಕ್ಕಳಿಗೆ. ನಮ್ಮಲ್ಲಿ ಅಜ್ಜ ಮೊದಲೇ ಹೋಗಿದ್ದರು. ಉಳಿದವರು ಮಾವ, ಅಮ್ಮ, ಚಿಕ್ಕಮ್ಮ. ಒಂದು ಉಂಗುರಕ್ಕೆ ಮೂರು ಪಾಲು. ಪಟ್ಟಿಯಲ್ಲಿ ಸೊಸೆ ಇಲ್ಲ ಅನ್ನುವುದನ್ನು ಗಮನಿಸಿ. ಅಪ್ಪ ಬದುಕಿದ್ದಾಗ ಮೊಮ್ಮಗಳೂ ಇಲ್ಲ. ಆರು ವರ್ಷ ಅಜ್ಜಿಯ ಮೈ ತೊಳೆದ ಅತ್ತೆಗೆ ಕಾನೂನಿನ ಲೆಕ್ಕದಲ್ಲಿ ಪಾಲು ಸೊನ್ನೆ. ವಕೀಲರು ಇದನ್ನು ಹೇಳಿದ ದಿನ ಅಮ್ಮ ಊಟ ಮಾಡಲಿಲ್ಲ.

ಮಕ್ಕಳಿಲ್ಲದ ಹೆಂಗಸಿನ ವಿಷಯ ಇನ್ನೂ ಬೇರೆ. ಅಪ್ಪ ಅಮ್ಮನಿಂದ ವಾರಸಾಗಿ ಬಂದ ಸ್ವತ್ತು ತಿರುಗಿ ಅಪ್ಪನ ಕಡೆಯ ವಾರಸುದಾರರಿಗೆ ಹೋಗುತ್ತದೆ. ಆದರೆ ಅವಳೇ ದುಡಿದು ಕೊಂಡ ಉಂಗುರ, ಗಂಡನೂ ಇಲ್ಲದಿದ್ದರೆ, ಅವಳ ಹೆತ್ತತಾಯಿಗಿಂತ ಮೊದಲು ಗಂಡನ ಕಡೆಯ ವಾರಸುದಾರರಿಗೆ ಸೇರುತ್ತದೆ. ಇದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಉಯಿಲು ಇಲ್ಲದಿದ್ದರೆ ಆಗುವುದು ಇದೇ.

ಗಂಡಸಿನ ಉಂಗುರ, ಅಂದರೆ ಅಜ್ಜ ತಮ್ಮ ದುಡಿಮೆಯಲ್ಲಿ ಮಾಡಿಸಿಕೊಂಡ ಒಂಟಿ ಹರಳಿನದು ಆದರೆ, ಹೆಂಡತಿ, ಮಕ್ಕಳು, ಬದುಕಿದ್ದರೆ ತಾಯಿ, ಇಷ್ಟು ಜನಕ್ಕೂ ಸಮಪಾಲು. ಕ್ರೈಸ್ತ ಮನೆಗಳಲ್ಲಿ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ನಡೆಯುತ್ತದೆ. ಗಂಡ ಹೋದರೆ ಹೆಂಡತಿಗೆ ಮೂರರಲ್ಲಿ ಒಂದು, ಉಳಿದದ್ದು ಮಕ್ಕಳಿಗೆ ಸಮನಾಗಿ. ಮುಸ್ಲಿಂ ಮನೆಗಳಲ್ಲಿ ಉಯಿಲು ಬರೆದರೂ ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದು ಪಾಲಿಗಿಂತ ಜಾಸ್ತಿ ಬರೆಯುವಂತಿಲ್ಲ. ಆದರೆ ಬದುಕಿದ್ದಾಗ ಕೈಯಾರೆ ಕೊಡುವ ಹಿಬಾಕ್ಕೆ ಆ ಮಿತಿ ಇಲ್ಲ.

ಕೈಯಾರೆ ಕೊಡುವುದು. ಯಾರು ಕೇಳಿದರೂ ನಾನು ಹೇಳುವುದು ಇದೊಂದನ್ನೇ. ಮನೆ, ತೋಟ ದಾನ ಕೊಡಬೇಕಾದರೆ ದಾನಪತ್ರ, ನೋಂದಣಿ ಎಲ್ಲ ಬೇಕು. ಉಂಗುರ ಚರಸ್ವತ್ತು. ಅದಕ್ಕೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಕೇಳುವುದು ಇಷ್ಟೇ: ಕೊಡುವವರು ಮನಸಾರೆ ಕೈಗೆ ಕೊಡಬೇಕು, ತೆಗೆದುಕೊಳ್ಳುವವರು ಒಪ್ಪಿ ತೆಗೆದುಕೊಳ್ಳಬೇಕು. ಅಷ್ಟಕ್ಕೇ ದಾನ ಪೂರ್ತಿ. "ನಿನಗೇ ಕಣೇ" ಅಂತ ಹೇಳಿ ಉಂಗುರವನ್ನು ತಮ್ಮ ಬೆರಳಲ್ಲೇ ಇಟ್ಟುಕೊಂಡರೆ ಅದು ದಾನ ಆಗಲಿಲ್ಲ. ಅದು ಆಸೆ. ಚಿಕ್ಕಮ್ಮನಿಗೆ, ಅತ್ತೆಗೆ, ಮಾವನ ಮಗಳಿಗೆ ಅಜ್ಜಿ ಕೊಟ್ಟಿದ್ದು ಅಂಥ ಮೂರು ಆಸೆ.

ಇನ್ನೊಂದು ಗೋಜಲು "ಹಾಕಿಕೋ" ಅನ್ನುವ ಮಾತು. ಮದುವೆಗೆ ಹಾಕಿಕೋ, ಆಮೇಲೆ ಕೊಡು ಅಂತಲೋ, ಇಟ್ಟುಕೋ ಅಂತಲೋ? ಅತ್ತೆ ಸೊಸೆಗೆ ನಿಶ್ಚಿತಾರ್ಥದ ದಿನ ತೊಡಿಸಿದ ಉಂಗುರ ಸಾಮಾನ್ಯವಾಗಿ ಸೊಸೆಯದೇ ಆಗುತ್ತದೆ. ಬರೀ ಹಾಕಿಕೊಳ್ಳಲು ಕೊಡುವುದಾದರೆ ಆವತ್ತೇ ಬಾಯಿಬಿಟ್ಟು ಹೇಳಿಬಿಡಿ. ಆ ಹೊತ್ತಿಗೆ ಮುಜುಗರ ಆಗಬಹುದು. ಹತ್ತು ವರ್ಷ ಆದಮೇಲೆ ವಾಪಸು ಕೇಳುವಾಗ ಆಗುವ ಕಹಿಗೆ ಹೋಲಿಸಿದರೆ ಅದು ಏನೂ ಅಲ್ಲ.

ಸಾಯುವವರೆಗೆ ಬೆರಳಿಂದ ತೆಗೆಯಲು ಮನಸ್ಸಿಲ್ಲ ಅನ್ನುವವರು ಉಯಿಲು ಬರೆಯಬಹುದು. ಛಾಪಾ ಕಾಗದ ಬೇಡ. ಬಿಳಿ ಹಾಳೆ ಸಾಕು. ಬರೆದವರ ಸಹಿ, ಅವರು ಸಹಿ ಹಾಕಿದ್ದನ್ನು ಕಂಡ ಇಬ್ಬರು ಸಾಕ್ಷಿಗಳ ಸಹಿ. ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದರೆ ಬಲ ಜಾಸ್ತಿ. ಉಂಗುರ ಪಡೆಯುವವರೇ ಸಾಕ್ಷಿ ಆಗದಿದ್ದರೆ ಒಳ್ಳೆಯದು. "ನನ್ನ ವಜ್ರದ ಉಂಗುರ" ಅಂತ ಬರೆದರೆ ಸಾಲದು. ಎಷ್ಟು ಹರಳು, ಒಟ್ಟು ತೂಕ ಎಷ್ಟು, ಯಾರಿಂದ ಬಂತು ಅಂತ ಬರೆಯಿರಿ. ಒಂದು ಫೋಟೋ ಲಗತ್ತಿಸಿ.

ಬ್ಯಾಂಕ್ ಲಾಕರಿನ ನಾಮಿನಿ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ನಾಮಿನಿ ಅಂದರೆ ವಾರಸುದಾರ ಅಲ್ಲ. ಬ್ಯಾಂಕು ಒಡವೆಯನ್ನು ಯಾರ ಕೈಗೆ ಒಪ್ಪಿಸಬೇಕೋ ಅವರು ನಾಮಿನಿ. ಆಮೇಲೆ ಹಕ್ಕಿದ್ದವರಿಗೆ ಅದನ್ನು ತಲುಪಿಸುವ ಜವಾಬ್ದಾರಿ ಅವರದು.

ತೆರಿಗೆ ಭಯ ಇಟ್ಟುಕೊಳ್ಳಬೇಡಿ. ವಾರಸಾಗಿಯೋ ಉಯಿಲಿನಿಂದಲೋ ಬಂದ ಒಡವೆಗೆ ನಮ್ಮಲ್ಲಿ ತೆರಿಗೆ ಇಲ್ಲ. ಅಪ್ಪ, ಅಮ್ಮ, ಅಜ್ಜ, ಅಜ್ಜಿ, ಒಡಹುಟ್ಟಿದವರು, ಅಪ್ಪ ಅಮ್ಮನ ಒಡಹುಟ್ಟಿದವರು, ಅವರ ಗಂಡ ಹೆಂಡಿರು ಕೊಟ್ಟ ಉಡುಗೊರೆಗೂ ಇಲ್ಲ. ಮಾರಿದರೆ ಮಾತ್ರ ಲಾಭದ ಮೇಲೆ ತೆರಿಗೆ. ಹಿಂದಿನವರ ಬಳಿ ಇದ್ದ ಕಾಲವೂ ಲೆಕ್ಕಕ್ಕೆ ಬರುವುದರಿಂದ ಅದು ದೀರ್ಘಾವಧಿ ಲಾಭವಾಗುತ್ತದೆ. 2001ರ ಏಪ್ರಿಲ್ 1ಕ್ಕೆ ಮುಂಚಿನ ಒಡವೆಗೆ ಆ ದಿನದ ಬೆಲೆಯನ್ನೇ ಕೊಂಡ ಬೆಲೆ ಅಂತ ತೋರಿಸಬಹುದು.

ಬಿಚ್ಚಿ ಹಂಚೋದಾ, ಹಾಗೇ ಉಳಿಸೋದಾ

ಮೂರು ವರ್ಷದಲ್ಲಿ ನಮ್ಮ ಮನೆಯಲ್ಲಿ ಬಾರದ ಸಲಹೆ ಇಲ್ಲ. ಮಾರಿ ದುಡ್ಡು ಹಂಚೋಣ. ವರ್ಷಕ್ಕೊಬ್ಬರು ಇಟ್ಟುಕೊಳ್ಳೋಣ. ಹರಳು ಬಿಚ್ಚಿ ತಲಾ ಎರಡು ತೆಗೆದುಕೊಂಡು, ಉಳಿದ ಒಂದನ್ನು ದೇವರ ಮೂಗುಬೊಟ್ಟಿಗೆ ಹಾಕೋಣ.

ಕೊನೆಯ ಸಲಹೆ ಚಂದ ಅನ್ನಿಸಿತ್ತು. ಹಲವು ಮನೆಗಳಲ್ಲಿ ಹಾಗೆ ಮಾಡುತ್ತಾರೆ, ತಪ್ಪೇನಿಲ್ಲ. ಆದರೆ ಹತ್ತು ಸೆಂಟಿನ ಹಳೇ ಹರಳು ಒಂಟಿಯಾದರೆ ಅದು ಅಜ್ಜಿಯ ಉಂಗುರದ್ದು ಅಂತ ಮುಂದಿನವರಿಗೆ ಹೇಗೆ ಗೊತ್ತಾಗಬೇಕು? ಹಳೇ ಕಟ್ಟನ್ನು ಒಂದು ಸಲ ಬಿಚ್ಚಿದರೆ ಅದೇ ಕೈಕೆಲಸ ಮತ್ತೆ ಬರುವುದಿಲ್ಲ. ಹಿಂಬದಿ ಮುಚ್ಚಿದ ಕಟ್ಟಿನಲ್ಲಿ ಹರಳಿನ ಕೆಳಗೆ ತೆಳು ತಗಡು ಇಟ್ಟಿರುತ್ತಾರೆ, ಅದು ಕೆಟ್ಟರೆ ಹೊಳಪೇ ಬದಲಾಗುತ್ತದೆ. ಒಡವೆಯ ಬೆಲೆ ಕಟ್ಟಿಸಿ, ಒಬ್ಬರು ಇಟ್ಟುಕೊಂಡು ಉಳಿದವರಿಗೆ ಅವರ ಪಾಲಿನಷ್ಟು ದುಡ್ಡೋ ಚಿನ್ನವೋ ಕೊಡುವುದು ಒಳ್ಳೆಯದು ಅಂತ ನನ್ನ ಅನಿಸಿಕೆ. ಎರಡು ಕಡೆ ಬೆಲೆ ಕಟ್ಟಿಸಿ. ಅಂಗಡಿಯಲ್ಲಿ ಹೊಸದು ಕೊಳ್ಳುವ ಬೆಲೆ ಬೇಡ. ಅದರಲ್ಲಿ ಮಜೂರಿ, ವೇಸ್ಟೇಜ್ ಎಲ್ಲ ಸೇರಿರುತ್ತದೆ. ಮಾರಿದರೆ ಕೈಗೆ ಬರುವ ಬೆಲೆ ಹಿಡಿಯಿರಿ.

ವಜ್ರ ಎಲ್ಲರಿಗೂ ಆಗಿಬರೋದಿಲ್ಲ ಅನ್ನುವ ನಂಬಿಕೆಯೂ ಹಂಚಿಕೆಯ ನಡುವೆ ಬರುತ್ತದೆ. ಹಳೇ ರತ್ನಶಾಸ್ತ್ರದಲ್ಲಿ ಕಾಕಪಾದ, ಬಿಂದು, ರೇಖೆ ಅಂತ ಹರಳಿನ ದೋಷಗಳ ಹೆಸರೇ ಇವೆ. ಕಾಗೆ ಕಾಲಿನ ಗುರುತಿನಂಥ ಬಿರುಕು, ಚುಕ್ಕೆ, ಗೆರೆ. ಈಗ ಲೂಪ್‌ನಲ್ಲಿ ನೋಡಿ ಶುದ್ಧಿ ಹೇಳುತ್ತಾರಲ್ಲ, ನೋಡುವುದು ಅವನ್ನೇ. ಕೆಲವರು ಮೂರು ರಾತ್ರಿ ದಿಂಬಿನ ಕೆಳಗೆ ಇಟ್ಟು ನೋಡುತ್ತಾರೆ. ಅವರ ಸಮಾಧಾನಕ್ಕೆ ಇಡಲಿ. ಆದರೆ "ಗಂಡ ಸತ್ತವಳ ಉಂಗುರ, ಮದುಮಗಳಿಗೆ ಬೇಡ" ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಮೂರು ತಲೆಮಾರು ದಾಟಿ ಬಂದ ಯಾವ ಒಡವೆ ತಾನೇ ಗಂಡ ಸತ್ತವರ ಬೆರಳು ದಾಟದೆ ಬಂದೀತು? ಅಜ್ಜಿ ಇಪ್ಪತ್ತೆರಡು ವರ್ಷ ಅಜ್ಜನಿಲ್ಲದೆ ಈ ಉಂಗುರ ಹಾಕಿಕೊಂಡೇ ತೋಟ ನೋಡಿಕೊಂಡರು. ಮಗಳ ಮದುವೆ ಮಾಡಿದರು. ಅದಕ್ಕಿಂತ ಒಳ್ಳೆಯ ಬೆರಳು ಯಾವುದು?

ಅಕ್ಕಸಾಲಿಗರ ಕೈಗೆ ಕೊಡುವಾಗ

ಕೊಡುವ ಮೊದಲು ನಿಮ್ಮ ಮುಂದೆಯೇ ತೂಕ ಹಾಕಿಸಿ, ಬರೆಸಿಕೊಳ್ಳಿ. ಮೇಲಿಂದ, ಪಕ್ಕದಿಂದ, ಹಿಂಬದಿಯಿಂದ ಫೋಟೋ ತೆಗೆದುಕೊಳ್ಳಿ. ಇದರಿಂದ ಯಾರನ್ನೂ ಅನುಮಾನಿಸಿದ ಹಾಗಾಗುವುದಿಲ್ಲ. ಒಳ್ಳೆಯ ಅಕ್ಕಸಾಲಿಗರು ತಾವೇ ಇದನ್ನು ಕೇಳುತ್ತಾರೆ.

ವಜ್ರ ಗಟ್ಟಿ, ಆದ್ದರಿಂದ ಒಡೆಯುವುದಿಲ್ಲ ಅಂದುಕೊಳ್ಳಬೇಡಿ. ವಜ್ರವನ್ನು ಗೀರಬಲ್ಲದ್ದು ವಜ್ರವೇ, ಆದ್ದರಿಂದ ಎರಡು ವಜ್ರದ ಒಡವೆ ಒಂದೇ ಡಬ್ಬಿಯಲ್ಲಿ ಉಜ್ಜಾಡಬಾರದು. ಆದರೆ ಸರಿಯಾದ ದಿಕ್ಕಿನಲ್ಲಿ ಪೆಟ್ಟು ಬಿದ್ದರೆ ಅದು ಸೀಳುತ್ತದೆ. ಬೆಂಕಿಗೂ ಹೆದರುತ್ತದೆ. ವಜ್ರ ಅಂದರೆ ಇಂಗಾಲ ತಾನೇ. ಬೆಸುಗೆ ಹಾಕುವಾಗ ನೇರ ಉರಿ ತಗುಲಿದರೆ ಮೈ ಮಬ್ಬಾಗುತ್ತದೆ. ಅದಕ್ಕೇ ಬೋರಿಕ್ ಪುಡಿಯ ಲೇಪ ಹಚ್ಚಿ ಕಾಯಿಸುತ್ತಾರೆ.

ಹೊಳಪು ಹೋಯಿತು ಅಂತ ಓಡಿಬರುವವರಿಗೆ ಹೇಳುವುದು ಇಷ್ಟೇ: ಮೊದಲು ತೊಳೆಯಿರಿ. ವಜ್ರಕ್ಕೂ ಜಿಡ್ಡಿಗೂ ಬಲು ನಂಟು. ಗಣಿಗಳಲ್ಲಿ ಕಲ್ಲುಪುಡಿಯ ನಡುವಿನಿಂದ ವಜ್ರ ಹಿಡಿಯುವುದಕ್ಕೆ ಜಿಡ್ಡು ಬಳಿದ ಹಲಗೆಯ ಮೇಲೆ ನೀರು ಹರಿಸುತ್ತಿದ್ದರು. ಬೇರೆ ಕಲ್ಲು ಹರಿದುಹೋಗುತ್ತಿತ್ತು, ವಜ್ರ ಅಂಟಿಕೊಳ್ಳುತ್ತಿತ್ತು. ಕೊಬ್ಬರಿ ಎಣ್ಣೆ, ತುಪ್ಪ, ಅರಿಶಿನದ ಕೈಯಲ್ಲಿ ಇರುವ ಉಂಗುರ ಮಂಕಾಗದೆ ಇರುತ್ತದೆಯೇ? ಉಗುರುಬೆಚ್ಚಗಿನ ನೀರಿಗೆ ಅಂಟುವಾಳ ನೆನೆಸಿದ ನೊರೆಯೋ ಸ್ವಲ್ಪ ಸೋಪೋ ಹಾಕಿ, ಮೆತ್ತನೆ ಬ್ರಷ್‌ನಿಂದ ಹಿಂಬದಿಯನ್ನು ಉಜ್ಜಿ. ಹಿಂಬದಿ ಮುಚ್ಚಿದ ಕಟ್ಟಾದರೆ ನೀರಲ್ಲಿ ಅದ್ದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಹಳೇ ಉಂಗುರದಲ್ಲಿ ಮೊದಲು ಸವೆಯುವುದು ಬೆರಳ ಕೆಳಗಿನ ಭಾಗ ಮತ್ತು ಹರಳು ಹಿಡಿದ ಮುಳ್ಳುಗಳು. 22 ಕ್ಯಾರೆಟ್ ಚಿನ್ನ ಮೆದು. ನಮ್ಮ ಉಂಗುರದ ಒಂದು ಮುಳ್ಳು ಕಾಗದದಷ್ಟು ತೆಳ್ಳಗಾಗಿತ್ತು. ಇನ್ನೊಂದು ವರ್ಷ ಬಿಟ್ಟಿದ್ದರೆ ಕಾಫಿ ಕಣದಲ್ಲೋ ಬಚ್ಚಲಲ್ಲೋ ಒಂದು ಹರಳು ಬಿದ್ದುಹೋಗುತ್ತಿತ್ತು. ಅಕ್ಕಸಾಲಿಗರು ದಾರವನ್ನು ಸೂಜಿಯಿಂದ ಬಿಡಿಸುತ್ತಾ ಬಂದರು. ಸುತ್ತು ಬಿಚ್ಚಿದಷ್ಟೂ ದಾರ. "ಇಷ್ಟು ದಾರ ಇದ್ದಿದ್ದಕ್ಕೇ ಒಳಗಿನ ಚಿನ್ನ ಉಳಿದಿದೆ" ಎಂದರು.

ಕೊನೆಗೆ ದಾರಿ ತೆಗೆದವರು ಅಮ್ಮ. ಒಂದು ಭಾನುವಾರ ಚಿಕ್ಕಮ್ಮನನ್ನು ಕರೆಸಿ, "ನಮ್ಮಮ್ಮನನ್ನು ಎತ್ತಿ ಕೂರಿಸಿದ್ದು ಯಾರು ಹೇಳು" ಎಂದರು. ಚಿಕ್ಕಮ್ಮ ಬಹಳ ಹೊತ್ತು ಅತ್ತರು. ಆಮೇಲೆ ಮಾವ, ಅಮ್ಮ, ಚಿಕ್ಕಮ್ಮ ಮೂವರೂ ಒಂದು ಹಾಳೆಗೆ ಸಹಿ ಹಾಕಿದರು. ಏಳು ಹರಳಿನ ಉಂಗುರದಲ್ಲಿ ನಮ್ಮ ನಮ್ಮ ಪಾಲನ್ನು ಅತ್ತಿಗೆಗೆ ಬಿಟ್ಟುಕೊಟ್ಟಿದ್ದೇವೆ ಅಂತ ಅಮ್ಮ, ಚಿಕ್ಕಮ್ಮ ಬರೆದರು. ಹೆಂಡತಿಗೆ ಅಂತ ಮಾವ ಬರೆದರು. ತೂಕ ಬರೆದರು, ಫೋಟೋ ಅಂಟಿಸಿದರು.

ಅತ್ತೆ ಅದನ್ನು ಎರಡು ವರ್ಷ ಹಾಕಿಕೊಂಡರು. ಮಾವನ ಮಗಳು ತನ್ನ ಮದುವೆಗೆ ಅಮ್ಮನ ಓಲೆ ಸಾಕು ಎಂದಳು. ಹೋದ ಗೌರಿ ಹಬ್ಬಕ್ಕೆ ಅತ್ತೆ ಚಿಕ್ಕಮ್ಮನನ್ನೂ ಅವರ ಮಗಳನ್ನೂ ಕರೆದರು. ಬಾಗಿನ ಕೊಟ್ಟಾದ ಮೇಲೆ ತಟ್ಟೆಯಲ್ಲಿ ಎಲೆ ಅಡಿಕೆ, ಅರಿಶಿನ ಕುಂಕುಮ, ಉಂಗುರ ಇಟ್ಟು ಆ ಹುಡುಗಿಯ ಕೈಗೆ ಕೊಟ್ಟರು. "ನಿಮ್ಮಮ್ಮನಿಗೆ ಹೇಳಿದ್ದರು ಅಜ್ಜಿ. ಇಟ್ಟುಕೋ, ಇದು ನಿನ್ನದು" ಎಂದರು. ಎಲ್ಲರೂ ಕೇಳುವ ಹಾಗೆ ಹೇಳಿದರು. ಹಳೇ ಹಾಳೆಯ ಕೆಳಗೆ ತಾರೀಖು ಹಾಕಿ ಇನ್ನೆರಡು ಸಾಲು ಬರೆದು ಸಹಿ ಮಾಡಿದರು.

ಹುಡುಗಿಯ ಬೆರಳಿಗೆ ಉಂಗುರ ದೊಡ್ಡದಾಯಿತು. ಚಿಕ್ಕಮ್ಮ ಒಳಗೆ ಹೋಗಿ ಹೂ ಕಟ್ಟುವ ಬಿಳಿ ದಾರ ತಂದರು.